ಸ್ನೇಹಾಳ ಪೇಲಿಯೋ, ನನ್ನ ಹೊಟ್ಟೆಕಿಚ್ಚು

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿದೆ: ಸ್ನೇಹಾ. ಡಬ್ಬಿ ನಮ್ಮದಲ್ಲ, ಹೆಸರು ನನ್ನದಲ್ಲ. ಆದರೂ ಅವ್ವ ದಿನಾ ಬೆಳಿಗ್ಗೆ ನನಗೆ ರೊಟ್ಟಿ ಪಲ್ಯ ಕಟ್ಟುವಾಗ ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ದಾಟಿ ಸೀದಾ ಅದಕ್ಕೇ ಕೈ ಹಾಕುತ್ತಾಳೆ.

"ಬ್ಯಾರೆ ಡಬ್ಬಿ ಇಲ್ಲೇನು?" ಅಂದರೆ, "ಇದರ ಮುಚ್ಚಳ ಬಿಗಿ ಕೂಡ್ತದ. ನಿನ್ನ ಡಬ್ಬಿ ಎಣ್ಣಿ ಸೋರ್ತದ" ಅನ್ನುತ್ತಾಳೆ.

ನೋಡಿದಿರಾ? ಡಬ್ಬಿಗಳಲ್ಲಿ ಕೂಡ ಅವಳದು ಬಿಗಿ, ನನ್ನದು ಸೋರುವುದು.

ಸ್ನೇಹಾ ಅಂದರೆ ನಮ್ಮ ದೊಡ್ಡಪ್ಪನ ಮಗಳು. ಭಾಲ್ಕಿಯವಳು. ದೊಡ್ಡಪ್ಪ ಅಲ್ಲಿ ಶಾಲಾ ಮಾಸ್ತರು. ನಮ್ಮಪ್ಪ ಬೀದರಿನಲ್ಲಿ ಲೈಟಿನ ಕಂಬ ಹತ್ತುವ ಲೈನ್‌ಮನ್. ಅವಳು ನನಗಿಂತ ಬರೀ ಮೂರು ವಾರಕ್ಕೆ ದೊಡ್ಡವಳು, ಆದರೆ ಆ ಮೂರು ವಾರವನ್ನು ಹದಿನೇಳು ವರ್ಷದಿಂದ ಹಿಗ್ಗಿಸಿ ಹಿಗ್ಗಿಸಿ ಬಳಸುತ್ತಿದ್ದಾಳೆ. ಅವಳಿಗೆ ಹಲ್ಲು ಮೊದಲು ಬಂತು. ಅವಳು ಮೊದಲು ನಡೆದಳು. ನಾನು ಮಾತಾಡಿದ್ದು ಅವಳಿಗಿಂತ ಮೊದಲು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಅದೊಂದು ಬಿಟ್ಟು ಬ್ಯಾರೆ ಏನಾರೆ ಮೊದಲ ಮಾಡಿದ್ರ ಛಲೋ ಇತ್ತು" ಎಂದು ಅಪ್ಪ ಅನ್ನುವುದುಂಟು.

ಔರಾದ್ ಕಡೆಯ ಸಂತಪುರದಲ್ಲಿ ನಮ್ಮ ಹಳೇ ಮನೆ. ಅಲ್ಲಿ ಆಯಿ ಇದ್ದಾಳೆ, ಅಂದರೆ ಅಪ್ಪನ ತಾಯಿ. ಮುತ್ಯಾ ಇದ್ದಾನೆ, ಅಂದರೆ ಆಯಿಯ ಬೈಗುಳ ತಿನ್ನುವ ಗಂಡ. ಅಪ್ಪನ ತಮ್ಮ ಕಾಕಾ ಇದ್ದಾನೆ, ಕುರಿಗಳಿವೆ, ಜೋಳದ ಹೊಲ ಇದೆ. ಆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮುತ್ಯಾ ಪ್ರತಿ ದೀಪಾವಳಿಗೆ ಇದ್ದಿಲಿನಿಂದ ನಮ್ಮಿಬ್ಬರ ಎತ್ತರದ ಗೆರೆ ಎಳೆಯುತ್ತಿದ್ದ. ಅವಳ ಗೆರೆ ಯಾವಾಗಲೂ ನನ್ನದಕ್ಕಿಂತ ಒಂದು ಬೆರಳು ಮೇಲೆ. ಒಂದು ವರ್ಷ ನಾನು ಲಂಗದ ಒಳಗೆ ಅವ್ವನ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಆ ವರ್ಷ ಒಂದೇಟಿಗೆ ಅವಳನ್ನು ದಾಟಿಬಿಟ್ಟೆ. ಮರುವರ್ಷ ಬರಿಗಾಲಲ್ಲಿ ನಿಂತಾಗ ನಾನು ಕುಳ್ಳಾಗಿದ್ದೆ. ಬೆಳೆಯುವ ಹುಡುಗಿ ಕುಗ್ಗುವುದನ್ನು ಮುತ್ಯಾ ಮೊದಲ ಬಾರಿ ನೋಡಿದ್ದು. ಪಾಪ, ಕುರಿಗೆ ಕೊಡುವ ಹುಳದ ಔಷಧ ನನಗೂ ಕೊಡೋಣವೇ ಎಂದು ಕೇಳಿದ.

ಇಷ್ಟೆಲ್ಲಾ ಸೋಲಿನ ನಡುವೆ ನನ್ನದು ಅಂತ ಒಂದೇ ಒಂದು ಇತ್ತು. ಎಳ್ಳಮಾವಾಸ್ಯೆಯ ಅಂಬಲಿ ಗಡಿಗೆ.

ನಮ್ಮ ಕಡೆ ಎಳ್ಳಮಾವಾಸ್ಯೆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲ ಇದ್ದವರು ಹೊಲಕ್ಕೆ ಹೋಗುತ್ತಾರೆ, ಇಲ್ಲದವರು ಹೊಲ ಇದ್ದವರ ಹೊಲಕ್ಕೆ ಹೋಗುತ್ತಾರೆ. ಬೆಳೆದು ನಿಂತ ಜೋಳದ ನಡುವೆ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ. ಆಮೇಲೆ ಭಜ್ಜಿ. ಭಜ್ಜಿ ಅಂದರೆ ನೀವು ಅಂದುಕೊಂಡ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಅಲ್ಲ. ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಅವರೆ, ಶೇಂಗಾ, ಕಂಡ ಕಂಡ ಸೊಪ್ಪು ಎಲ್ಲ ಒಂದೇ ಪಾತ್ರೆಗೆ ಸುರಿದು, ಕಡಲೆಹಿಟ್ಟು ಕಲಸಿ, ಹುಣಸೆಹುಳಿ ಹಾಕಿ ಕುದಿಸಿದ್ದು. ಅದರ ಜೊತೆ ಸಜ್ಜೆ ರೊಟ್ಟಿ. ಕುಡಿಯಲು ಅಂಬಲಿ. ಜೋಳದ ಹಿಟ್ಟು ಕುದಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಅಜವಾನ ಹಾಕಿ, ಮಣ್ಣಿನ ಗಡಿಗೆಯಲ್ಲಿ ಹುಳಿಗೆ ಬಿಟ್ಟ ಅಂಬಲಿ.

ಆ ಗಡಿಗೆಯನ್ನು ಮನೆಯಿಂದ ಹೊಲದವರೆಗೆ ಮೊಮ್ಮಗಳೊಬ್ಬಳು ತಲೆ ಮೇಲೆ ಹೊರಬೇಕು. ಇದು ನಮ್ಮ ಮನೆಯ ಪದ್ಧತಿ. ತಲೆಗೆ ಸಿಂಬಿಯಾಗಿ ನಮ್ಮದೇ ಕುರಿಯ ಉಣ್ಣೆಯ ಕಂಬಳಿ. ಹೊಸ್ತಿಲು ದಾಟಿದ ಮೇಲೆ ಮಾತಾಡುವಂತಿಲ್ಲ. ಹೊಲದಲ್ಲಿ ಐದು ಕಲ್ಲು ಸುತ್ತಿ ಗಡಿಗೆ ಇಳಿಸಿದಾಗ ಮೊದಲ ಬಟ್ಟಲು ಹೊತ್ತವಳಿಗೆ. ಅವಳು ಕುಡಿಯುವ ತನಕ ಮುತ್ಯಾ ಕೂಡ ಬಾಯಿಗೆ ಇಡುವಂತಿಲ್ಲ. ಆಮೇಲೆ ಎಲ್ಲರಿಗೂ ಅವಳೇ ಹಂಚಬೇಕು, ಹಂಚಿದ ಮೇಲೆ ಆಯಿಯ ಪಕ್ಕದಲ್ಲಿ, ಅದೇ ಕಂಬಳಿಯ ಮೇಲೆ ಕೂರಬೇಕು. ಆಯಿ ತನ್ನ ತಟ್ಟೆಯ ಮೊದಲ ತುತ್ತು ಅವಳಿಗೆ ಕೊಡುತ್ತಾಳೆ.

ಸ್ನೇಹಾ ಪ್ರತಿವರ್ಷ ಎಳ್ಳಮಾವಾಸ್ಯೆಗೆ ದೊಡ್ಡಮ್ಮನ ತವರಿನ ಹೊಲಕ್ಕೆ ಹೋಗುತ್ತಿದ್ದಳು. ಹಾಗಾಗಿ ಗಡಿಗೆ ನನ್ನದೇ. ನಾನು ಅಷ್ಟು ದೂರ ಬಾಯಿ ಮುಚ್ಚಿಕೊಂಡು ನಡೆಯುವುದನ್ನು ಕಣ್ಣಾರೆ ನೋಡಲಿಕ್ಕೆಂದೇ ಕಾಕಾ ಬೈಕಿನಿಂದ ಇಳಿದು, ಅದನ್ನು ತಳ್ಳಿಕೊಂಡು ಪಕ್ಕದಲ್ಲಿ ಬರುತ್ತಿದ್ದ. ವರ್ಷಕ್ಕೊಂದು ದಿನ ನಾನು ಇಡೀ ಸಂತಪುರಕ್ಕೆ ರಾಣಿ. ಉಳಿದ ದಿನಗಳನ್ನು ಸ್ನೇಹಾ ಇಟ್ಟುಕೊಳ್ಳಲಿ, ಪರವಾಗಿಲ್ಲ ಎಂದು ದೊಡ್ಡ ಮನಸ್ಸು ಮಾಡಿದ್ದೆ.

ಈ ಸಲದ ದೀಪಾವಳಿಗೆ ಎಲ್ಲರೂ ಸಂತಪುರದಲ್ಲಿ ಸೇರಿದೆವು. ಸ್ನೇಹಾ ಬಸ್ಸಿನಿಂದ ಇಳಿದಳು. ನಾನು ಮೊದಲು ಗುರುತು ಹಿಡಿಯಲಿಲ್ಲ. ಕೆನ್ನೆ ಒಳಗೆ, ಬೆನ್ನು ನೆಟ್ಟಗೆ, ಮುಖದ ಮೇಲೆ ಒಂದು ಮೊಡವೆ ಇಲ್ಲ. ಅವಳ ಮೊಡವೆಗಳೆಲ್ಲ ಬಸ್ಸು ಬದಲಿಸಿ ನನ್ನ ಮುಖಕ್ಕೆ ಬಂದು ಇಳಿದಂತಿತ್ತು.

ಊಟಕ್ಕೆ ಕೂತಾಗ ಆಯಿ ಅವಳ ತಟ್ಟೆಗೆ ರೊಟ್ಟಿ ಹಾಕಲು ಹೋದಳು. ಸ್ನೇಹಾ ಕೈ ಅಡ್ಡ ಹಿಡಿದಳು.

"ಬ್ಯಾಡ ಆಯಿ. ನಾ ಈಗ ಪೇಲಿಯೋ ಮಾಡ್ಲಾಕತ್ತೇನಿ."

"ಹಂಗಂದ್ರ?"

"ಜ್ವಾಳ, ಗೋಧಿ, ಅಕ್ಕಿ ತಿನ್ನಂಗಿಲ್ಲ. ಬ್ಯಾಳಿ ಇಲ್ಲ. ಹಾಲು ಮಸರು ಇಲ್ಲ. ಸಕ್ರಿನೂ ಇಲ್ಲ."

"ಮತ್ತೇನು ಗಾಳಿ ಕುಡಿತೀಯೇನು?"

"ಮಾಂಸ, ತತ್ತಿ, ಕಾಯಿಪಲ್ಯ, ಹಣ್ಣು ತಿಂತೇನಿ. ಭಾಳ ಹಿಂದ ಗುಹಾದಾಗ ಇದ್ದ ಮಂದಿ ತಿಂತಿದ್ರಲ್ಲ, ಹಂಗ."

ಆಯಿ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಯೋಚಿಸಿದಳು. "ಪಾಪ, ಆ ಮಂದಿಗಿ ರೊಟ್ಟಿ ಬಡಿಲಾಕ ಬರ್ತಿದ್ದಿಲ್ಲ. ನಮಗ ಬರ್ತದಲ್ಲ?"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕೆ. ಅವ್ವ ತೊಡೆ ಚಿವುಟಿದ ಮೇಲೆ ನಿಲ್ಲಿಸಿದೆ.

ಮುತ್ಯಾನಿಗೆ ಮಾತ್ರ ನಗು ಬರಲಿಲ್ಲ. "ಕುರಿ ಕಾಯೋರ ಮನಿ, ಮಾಂಸ ತಿನ್ನಬ್ಯಾಡ ಅನ್ನಂಗಿಲ್ಲ. ಖರೆ, ದಿನಾ ಅಂದ್ರ ನನ್ನ ಹಿಂಡು ಉಳಿತದೇನು?" ಎಂದು ಹಟ್ಟಿಯ ಕಡೆ ನೋಡಿದ.

ಅಷ್ಟಕ್ಕೇ ಮುಗಿದಿದ್ದರೆ ನಾನೇ ಗೆದ್ದಂತಿತ್ತು. ಆದರೆ ಊಟ ಆದ ಮೇಲೆ ಕಾಕಾ ಜೋಳದ ಚೀಲ ಒಳಗೆ ಇಡಲು ಒದ್ದಾಡುತ್ತಿದ್ದ. ಸ್ನೇಹಾ ಹೋದಳು, ಬಗ್ಗಿದಳು, ಒಂದು ತುದಿ ಹಿಡಿದಳು, ಎತ್ತಿದಳು. ಜೋಳ ತಿನ್ನದವಳು ಜೋಳ ಎತ್ತಿದಳು. ಉಸಿರು ಕೂಡ ದೊಡ್ಡದಾಗಿ ಬಿಡಲಿಲ್ಲ. ಆಯಿಯ ಕಣ್ಣು ಅಲ್ಲೇ ನಿಂತುಬಿಟ್ಟಿತು. ಆ ನೋಟ ನನಗೆ ಗೊತ್ತು. ಸಂತೆಯಲ್ಲಿ ಒಳ್ಳೆ ಟಗರು ಕಂಡಾಗ ಅವಳು ಹಾಗೇ ನೋಡುವುದು.

"ಈ ಸಲ ಎಳ್ಳಮಾಸಿಗಿ ಇಲ್ಲೇ ಬಾ ಯವ್ವಾ" ಅಂದಳು ಆಯಿ. "ಗಡಿಗಿ ನೀ ಹೊರು. ಭಾಗೂ ಹೋದ ವರ್ಷ ಭಾಳ ತೇಕಿದಳು. ನನಗ ಪೂಜಿ ಬಿಟ್ಟು ಅಕಿ ಉಸುರಿನ ಮ್ಯಾಲೇ ಧ್ಯಾನ."

ಭಾಗೂ ಅಂದರೆ ನಾನೇ. ಭಾಗ್ಯಾ. ಹೆಸರಿನಲ್ಲಿ ಮಾತ್ರ.

ಬೀದರಿಗೆ ಬಂದ ಮರುದಿನವೇ ನಾನೂ ಪೇಲಿಯೋ ಶುರು ಮಾಡಿದೆ. ಸ್ನೇಹಾ ತಿಂಗಳುಗಟ್ಟಲೆ ಓದಿ, ನೋಡಿ, ನಿಧಾನವಾಗಿ ಶುರು ಮಾಡಿದ್ದಳಂತೆ. ನನಗೆ ಅಷ್ಟು ಪುರುಸೊತ್ತು ಎಲ್ಲಿ? ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಅದೂ ಅರ್ಧ, ಡೇಟಾ ಮುಗಿಯಿತು.

ಬೆಳಿಗ್ಗೆ ಅವ್ವ ಸುಸಲಾ ಮಾಡಿದ್ದಳು. ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ, ಮೇಲೆ ಪುಟಾಣಿ ಹಿಟ್ಟು. ಚುರುಮುರಿ ಅಂದರೆ ಅಕ್ಕಿ, ಪುಟಾಣಿ ಅಂದರೆ ಕಡಲೆ. ಎರಡೂ ಇಲ್ಲ. ಚಹಾದಲ್ಲಿ ಹಾಲು, ಸಕ್ಕರೆ. ಅದೂ ಇಲ್ಲ. ಹಾಲು ಸಕ್ಕರೆ ತೆಗೆದರೆ ಚಹಾದಲ್ಲಿ ಉಳಿಯುವುದು ಪಾತ್ರೆ ತೊಳೆದ ನೀರಿನ ಬಣ್ಣ ಮಾತ್ರ. ನಾನು ಗಂಭೀರವಾಗಿ ಹೇಳಿದೆ, "ನನಗ ತತ್ತಿ ಕುದಿಸು."

"ಇವತ್ತ ಸೋಮವಾರ" ಅಂದಳು ಅವ್ವ.

ನಮ್ಮ ಮನೆಯಲ್ಲಿ ಸೋಮವಾರ ಮೊಟ್ಟೆಯ ಹೆಸರು ಕೂಡ ಎತ್ತುವಂತಿಲ್ಲ. ಆದಿಮಾನವರಿಗೆ ಸೋಮವಾರ ಇರಲಿಲ್ಲ, ಅದಕ್ಕೇ ಬದುಕಿದರು. ನಾನು ಎರಡು ಸೌತೆಕಾಯಿ ತಿಂದು ಕಾಲೇಜಿಗೆ ಹೋದೆ. ಎರಡನೇ ಪೀರಿಯಡ್ಡಿನಲ್ಲಿ ನನ್ನ ಹೊಟ್ಟೆ ಮಾಡಿದ ಸದ್ದಿಗೆ ಮೇಷ್ಟ್ರು ಪಾಠ ನಿಲ್ಲಿಸಿ ಹೊರಗೆ ಮೋಡ ಆಗಿದೆಯೇ ಎಂದು ಕಿಟಕಿಯಲ್ಲಿ ಇಣುಕಿದರು. ನಂಬುವುದಿಲ್ಲವೇ? ಸರಿ, ಇಣುಕಲಿಲ್ಲ. ಆದರೆ ನಿಲ್ಲಿಸಿದ್ದು ನಿಜ.

ಎಲ್ಲ ಸಹಿಸಿದೆ. ಶೇಂಗಾ ವಿಷಯದಲ್ಲಿ ಮಾತ್ರ ನನಗೆ ದೊಡ್ಡ ಮೋಸ ಆಯಿತು. ಬಾದಾಮಿ, ಗೋಡಂಬಿ ತಿನ್ನಬಹುದು ಅಂತ ವಿಡಿಯೋದಲ್ಲಿ ಕೇಳಿದ್ದೆ. ಹಾಗಾದರೆ ಶೇಂಗಾ ನಮ್ಮ ಬಡವರ ಬಾದಾಮಿ ಎಂದುಕೊಂಡು ಮುಷ್ಟಿಗಟ್ಟಲೆ ಮುಕ್ಕಿದೆ. ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಚಮಚದಲ್ಲಿ ತಿಂದೆ. ಮೂರನೇ ದಿನ ವಿಡಿಯೋದ ಉಳಿದರ್ಧ ನೋಡಿದರೆ, ಶೇಂಗಾ ಬಾದಾಮಿಯ ಜಾತಿಯೇ ಅಲ್ಲವಂತೆ, ಕಾಳಂತೆ! ತೊಗರಿ ಕಡಲೆಗಳ ಖಾಸಾ ತಮ್ಮನಂತೆ! ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಉಂಡು, ನಮ್ಮ ಚಟ್ನಿಪುಡಿಯಾಗಿ, ನಮ್ಮ ಹೋಳಿಗೆಯಾಗಿ, ಕೊನೆಗೆ ಹೀಗೆ ಪಾರ್ಟಿ ಬದಲಿಸುವುದೇ? ಆ ದಿನ ಶೇಂಗಾದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಹಾಕಿದೆ. ಸಂಜೆ ಅಟ್ಟಕ್ಕೆ ಏಣಿ ಹಚ್ಚಿದ್ದು ಬೇರೆ ಕೆಲಸಕ್ಕೆ.

ಅಷ್ಟರಲ್ಲಿ ಕ್ರಿಸ್‌ಮಸ್ ಬೇರೆ ಹತ್ತಿರ ಬಂತು. ನನ್ನ ಗೆಳತಿ ರೂತ್‌ಳ ಅಮ್ಮ ನರ್ಸ್. ಅವರ ಮನೆಯಲ್ಲಿ ಡಿಸೆಂಬರ್ ಪೂರ್ತಿ ಕರ್ಚಿಕಾಯಿ ಕರಿಯುತ್ತಾರೆ. ರೂತ್ ಒಂದು ಡಬ್ಬಿ ತುಂಬ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ನಾನು ಮುಖ ತಿರುಗಿಸಿದೆ.

"ನಾ ತಿನ್ನಂಗಿಲ್ಲ. ನಮ್ಮ ದೇಹ ಇದನ್ನ ತಿನ್ನಲಾಕ ಹುಟ್ಟಿಲ್ಲ."

"ನಿನ್ನ ದೇಹಕ್ಕ ಹೋದ ವರ್ಷ ಹೇಳಬೇಕಿತ್ತು" ಅಂದಳು ರೂತ್. "ಹದಿನಾಲ್ಕು ತಿಂದಿದ್ದಿ. ನಮ್ಮಮ್ಮ ಇನ್ನೂ ನೆನಸ್ತಾರ."

ಇಷ್ಟು ತ್ಯಾಗ ಮಾಡಿದರೂ ನನ್ನ ಕೆನ್ನೆ ಹಾಗೇ ದುಂಡಗಿತ್ತು. ಕೋಟೆಯ ಕಡೆ ಓಡಲು ಹೋದರೆ ಬೆಳಗಿನ ನಾಯಿಗಳು ನನ್ನ ಜೊತೆ ಓಡಿ, ಬೇಸರವಾಗಿ ನಡುವೆ ಬಿಟ್ಟು ಹೋದವು. ಅತ್ತ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸ್ನೇಹಾ ದಿನಾ ತನ್ನ ತಟ್ಟೆಯ ಫೋಟೋ ಹಾಕುತ್ತಿದ್ದಳು. ಗಜ್ಜರಿ, ಬೀಟ್‌ರೂಟ್, ಮಟನ್ ತುಂಡು, ಮೇಲೊಂದು ಪುದೀನ ಎಲೆ. ಎಲ್ಲರೂ ಹೃದಯದ ಚಿತ್ರ ಒತ್ತುತ್ತಿದ್ದರು. ನಾನೂ ನನ್ನ ತಟ್ಟೆ ಹಾಕಿದೆ. ಎರಡು ಮೊಟ್ಟೆ, ನಡುವೆ ಒಂದು ಮೂಲಂಗಿ. ಕಾಕಾ ಕೇಳಿದ, "ಯಾರ ಮಾರಿ ಬಿಡಿಸೀದಿ?"

ಆಗ ನನಗೆ ಖಾತ್ರಿಯಾಯಿತು. ಸ್ನೇಹಾ ಕದ್ದು ರೊಟ್ಟಿ ತಿನ್ನುತ್ತಿದ್ದಾಳೆ. ಫೋಟೋಕ್ಕೆ ಒಂದು ತಟ್ಟೆ, ಹೊಟ್ಟೆಗೆ ಒಂದು ತಟ್ಟೆ. ನನ್ನ ಬಳಿ ಪುರಾವೆ ಏನೆಂದರೆ, ನಾನು ಹಾಗೇ ಮಾಡುತ್ತಿದ್ದೆ.

ಭಾನುವಾರ ಅವ್ವ ದೊಡ್ಡಮ್ಮನಿಗೆ ಉಪ್ಪಿನಕಾಯಿ ಕಳಿಸಬೇಕಿತ್ತು. "ನಾ ಒಯ್ತೇನಿ" ಎಂದು ಎದ್ದೆ. ಅಂಗಡಿಗೆ ಹೋಗು ಅಂದರೆ ಕಾಲು ನೋವು ಅನ್ನುವ ಮಗಳು ಭಾಲ್ಕಿಗೆ ಹೊರಟಿದ್ದು ನೋಡಿ ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ಹೇಳದೆ ಕೇಳದೆ ಊಟದ ಹೊತ್ತಿಗೆ ಸರಿಯಾಗಿ ಭಾಲ್ಕಿಯ ಮನೆ ಹೊಕ್ಕೆ. ದೊಡ್ಡಪ್ಪ ರೊಟ್ಟಿ ಮುರಿಯುತ್ತಿದ್ದರು. ಸ್ನೇಹಾಳ ತಟ್ಟೆಯಲ್ಲಿ ಫೋಟೋದಲ್ಲಿ ಇರುವುದೇ ಇತ್ತು. ಪುದೀನ ಎಲೆ ಕೂಡ ಇತ್ತು! ಫೋಟೋ ತೆಗೆಯದ ದಿನವೂ ಪುದೀನ ಎಲೆ ಇಡುವವಳ ಜೊತೆ ಯಾರು ತಾನೇ ಹೊಡೆದಾಡಲು ಆಗುತ್ತದೆ? ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಅವಳ ಕೋಣೆಗೆ ಹೋಗಿ, ಮಂಚದ ಕೆಳಗೆ ಬಗ್ಗಿ ನೋಡಿದೆ. ಒಂದು ಬಿಸ್ಕೀಟಿನ ಚೂರೂ ಸಿಗಲಿಲ್ಲ.

"ಏನ್ ಹುಡುಕಲಾಕತ್ತಿ?" ಎಂದು ಸ್ನೇಹಾ ಬಾಗಿಲಲ್ಲಿ ನಿಂತು ಕೇಳಿದಳು.

"ನನ್ನ ಕಿವಿಯೋಲಿ ಬಿತ್ತು."

"ಎರಡೂ ಕಿವ್ಯಾಗೇ ಅವ."

ನಾನು ಕಿವಿ ಮುಟ್ಟಿ ನೋಡಿಕೊಂಡು, "ಅರೆ, ಸಿಕ್ತು" ಅಂದೆ.

ಅವಳು ನಗಲಿಲ್ಲ. ಅದೇ ಅವಳ ಕೆಟ್ಟ ಗುಣ. ಬೈದರೆ ನಾನು ಬೈಯಬಹುದು, ನಕ್ಕರೆ ಮುನಿಯಬಹುದು. ಅವಳು ಪಕ್ಕದಲ್ಲಿ ಕೂತು, "ನೀನೂ ಶುರು ಮಾಡೀದಿಯಂತ. ಒಮ್ಮೆಲೆ ಎಲ್ಲ ಬಿಡಬ್ಯಾಡ ಭಾಗೂ, ತಲಿ ತಿರಗ್ತದ. ಮೊದಲ ಸಕ್ರಿ ಬಿಡು. ಗೆಣಸು ತಿನ್ನು, ಹೊಟ್ಟಿ ತುಂಬ್ತದ" ಎಂದಳು. ಹೊರಡುವಾಗ ಹುರಿದ ಮಟನ್ ಡಬ್ಬಿಗೆ ತುಂಬಿ ಕೊಟ್ಟಳು. ಅದೇ ಈ ಡಬ್ಬಿ. ಬೀದರ್ ಬಸ್ಸಿನಲ್ಲಿ ಮುಚ್ಚಳ ತೆಗೆದರೆ ಹಿಂದಿನ ಮೂರು ಸೀಟಿನವರು ನನಗೆ ಸಂಬಂಧಿಕರಾದರು. ರುಚಿಯಾಗಿತ್ತು. ಅದೂ ಒಂದು ಉರಿ.

ಹೊಟ್ಟೆಕಿಚ್ಚು ಪಡುವವರಿಗೆ ಎದುರಿನವರು ಒಳ್ಳೆಯವರಾಗಿರುವುದಕ್ಕಿಂತ ದೊಡ್ಡ ಕಷ್ಟ ಇಲ್ಲ. ಆ ರಾತ್ರಿ ಮೂಳೆ ಚೀಪುತ್ತಾ ನಾನು ಒಂದು ಕೊನೆಯ ಉಪಾಯ ಹುಡುಕಿದೆ. ಸ್ನೇಹಾಳಿಗೆ ಸಂತಪುರದ ಹಬ್ಬದ ಪದ್ಧತಿ ಗೊತ್ತಿಲ್ಲ. ಗಡಿಗೆ ಹೊರುವುದಷ್ಟೇ ಗೊತ್ತು. ಮೊದಲ ಬಟ್ಟಲು ಕುಡಿಯಬೇಕು ಅಂತ ಗೊತ್ತಿಲ್ಲ. ಅಂಬಲಿಯಲ್ಲಿ ಇರುವುದೇನು? ಜೋಳ ಮತ್ತು ಮಜ್ಜಿಗೆ. ಪುದೀನ ಎಲೆಯಷ್ಟು ನಿಯಮ ಇರುವವಳು ಅದನ್ನು ಬಾಯಿಗೆ ಇಡುತ್ತಾಳೆಯೇ? ಅವಳು ಬೇಡ ಅನ್ನುತ್ತಾಳೆ, ಎಲ್ಲರೂ ಹಸಿದು ನಿಂತಿರುತ್ತಾರೆ, ಆಗ ನಾನು ಮುಂದೆ ಬಂದು ಬಟ್ಟಲು ತೆಗೆದುಕೊಂಡು ಮನೆತನದ ಮಾನ ಉಳಿಸುತ್ತೇನೆ. ಅವಳು ಪೇಲಿಯೋ ಬಿಡಲಾರದ ಹಾಗೆ ಇನ್ನಷ್ಟು ಬಿಗಿ ಮಾಡೋಣ ಎಂದು ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದೆ.

"ಎಲ್ಲರೂ ಕೇಳ್ರಿ. ಪೇಲಿಯೋ ಅಂದ್ರ ಹಬ್ಬಕ್ಕೊಂದು, ಹರಿದಿನಕ್ಕೊಂದು ಅಲ್ಲ. ಖರೇ ಮಾಡೋರು ಎಳ್ಳಮಾಸಿಗೂ ಬಿಡಂಗಿಲ್ಲ. ನಾ ಅಂತೂ ಜ್ವಾಳ ಸಜ್ಜಿ ಮುಟ್ಟಂಗಿಲ್ಲ, ಕಾಳು ಮುಟ್ಟಂಗಿಲ್ಲ, ಮಜ್ಜಿಗಿ ಮುಟ್ಟಂಗಿಲ್ಲ, ನಮ್ಮ ಮೈಲಾರಲಿಂಗನ ಆಣಿ! ಸ್ನೇಹಾಂದು ಅಕಿಗಿ ಬಿಟ್ಟಿದ್ದು."

ದೇವರನ್ನು ಯಾಕೆ ಎಳೆದು ತಂದೆ ಅಂತ ಕೇಳಬೇಡಿ. ವಾಕ್ಯದ ಕೊನೆಗೆ ಏನೋ ಒಂದು ಗಟ್ಟಿ ಶಬ್ದ ಬೇಕಿತ್ತು. ಹಸಿದ ಬಾಯಿಗೆ ಅದೇ ಸಿಕ್ಕಿತು.

ಎಳ್ಳಮಾವಾಸ್ಯೆ ದಿನ ಬೆಳಿಗ್ಗೆ ಸಂತಪುರದ ಮನೆಯ ಅಂಗಳದಲ್ಲಿ ಆಯಿ ಸ್ನೇಹಾಳ ತಲೆಗೆ ಕಂಬಳಿ ಸುತ್ತಿ ಸಿಂಬಿ ಮಾಡಿದಳು. ನನ್ನ ತಲೆಯ ಅಳತೆಗೆ ಒಗ್ಗಿದ ಕಂಬಳಿ ಅದು, ಜಾರಿ ಬೀಳುತ್ತದೆ ಎಂದು ಕಾದೆ. ಜಾರಲಿಲ್ಲ. ನನ್ನ ಕೈಗೆ ಭಜ್ಜಿಯ ಪಾತ್ರೆ ಕೊಟ್ಟರು. ದಾರಿಯುದ್ದಕ್ಕೂ ಸ್ನೇಹಾ ಮುಂದೆ, ಕಂಬದ ಹಾಗೆ ನೆಟ್ಟಗೆ, ಒಂದು ಹನಿ ತುಳುಕಿಸದೆ. ನಾನು ಹಿಂದೆ, ಬಿಸಿ ಭಜ್ಜಿಯ ಹಬೆಯಲ್ಲಿ ಮುಖ ಬೇಯಿಸಿಕೊಳ್ಳುತ್ತಾ. ಪಕ್ಕದ ಹೊಲದ ಹೆಂಗಸರು, "ಯಾರ್ರೀ ಈ ಹುಡುಗಿ, ಎಷ್ಟು ಚಂದ ಹೊತ್ತಾಳ!" ಅಂದರು. ನಾನು ಹೊರುವಾಗ ಅದೇ ಹೆಂಗಸರು, "ಸಾವಕಾಶ ಯವ್ವಾ, ಸಾವಕಾಶ" ಅನ್ನುತ್ತಿದ್ದರು.

ಹೊಲದಲ್ಲಿ ಐದು ಕಲ್ಲು ಸುತ್ತಿ ಸ್ನೇಹಾ ಗಡಿಗೆ ಇಳಿಸಿದಳು. ಪೂಜೆ ಆಯಿತು. ಆಯಿ ಹಿತ್ತಾಳೆ ಬಟ್ಟಲು ತುಂಬಿ ಅವಳ ಕೈಗಿಟ್ಟಳು. "ಕುಡಿ ಯವ್ವಾ. ನೀ ಕುಡಿದ ಮ್ಯಾಲೇ ನಮಗೆಲ್ಲ."

ಸ್ನೇಹಾ ಬಟ್ಟಲು ನೋಡಿದಳು. ಮುತ್ಯಾ ಖಾಲಿ ಲೋಟ ಹಿಡಿದು ನಿಂತಿದ್ದ. ನಾನು ಕೂದಲು ಸರಿ ಮಾಡಿಕೊಂಡು, ಒಂದು ಕಾಲು ಮುಂದೆ ಇಟ್ಟು ತಯಾರಾದೆ.

ಸ್ನೇಹಾ ಬಟ್ಟಲು ಎತ್ತಿ ಗಟಗಟ ಕುಡಿದಳು. ಕೊನೆಯ ಹನಿಗೆ ಬಟ್ಟಲು ಬೋರಲು ಹಾಕಿದಳು. ಮೇಲ್ದುಟಿಯ ಮೇಲೆ ಬಿಳಿ ಮೀಸೆ.

"ಏ, ನಿನ್ನ ಪೇಲಿಯೋ?" ಎಂದು ನಾನು ಕೂಗಿಯೇಬಿಟ್ಟೆ.

"ಹಬ್ಬದ ದಿನ ಹಬ್ಬದ್ದು" ಅಂದಳು ಮೀಸೆ ಒರೆಸಿಕೊಳ್ಳುತ್ತಾ. "ನಾಳಿಂದ ಮತ್ತ ನಂದು. ನಾ ಏನ್ ಆಣಿ ಹಾಕೀನೇನು?"

ಗಡಿಗೆಯಿಂದ ಎಲ್ಲರಿಗೂ ಹಂಚುತ್ತಾ ಬಂದಳು. ಮುತ್ಯಾ, ಕಾಕಾ, ದೊಡ್ಡಪ್ಪ, ಅಪ್ಪ, ಅವ್ವ, ದೊಡ್ಡಮ್ಮ. ನನ್ನ ಮುಂದೆ ಬಂದಳು. ಹೋಗಲಿ, ಗಡಿಗೆ ಹೋಯಿತು, ಅಂಬಲಿಯಾದರೂ ಬರಲಿ ಎಂದು ನಾನು ಲೋಟ ಚಾಚಿದೆ.

"ನಿಲ್ಲು!" ಎಂದು ಆಯಿ ಚೀರಿದಳು. "ಅಕಿಗಿ ಹಾಕಬ್ಯಾಡ! ಅಕಿದು ನೇಮ ಅದ!"

ನಮ್ಮ ಮನೆಯಲ್ಲಿ ಮೈಲಾರಲಿಂಗನ ಹೆಸರು ಹೇಳಿ ಒಂದು ತಿನಿಸು ಬಿಟ್ಟರೆ ಅದು ನೇಮ. ಮುರಿಯುವಂತಿಲ್ಲ, ಮುರಿಸುವಂತಿಲ್ಲ. ಬಟ್ಟಲಿನ ಆಸೆಯಲ್ಲಿ ನನ್ನ ಆಣೆ ನನಗೇ ಮರೆತುಹೋಗಿತ್ತು. ಕಾಕಾನ ಫೋನಿನಲ್ಲಿ ಆಯಿ ನನ್ನ ಸಂದೇಶವನ್ನು ಎರಡೆರಡು ಸಲ ಕೇಳಿದ್ದಳಂತೆ, ಓಣಿಯ ಮುದುಕಿಯರಿಗೆಲ್ಲ ಕೇಳಿಸಿದ್ದಳಂತೆ. ಈಗ ಅವಳು ಹೆಮ್ಮೆಯಿಂದ ಸೆರಗಿನ ಗಂಟು ಬಿಚ್ಚಿದಳು. ಒಳಗೆ ನನಗೆಂದೇ ತಂದ ಗಜ್ಜರಿ, ಮೂಲಂಗಿ, ಬೇಯಿಸಿದ ಗೆಣಸು. ಅಮಾವಾಸ್ಯೆ, ಮಾಂಸ ಇಲ್ಲ, ಮೊಟ್ಟೆ ಇಲ್ಲ. ಭಜ್ಜಿಯಲ್ಲಿ ಕಾಳು, ರೊಟ್ಟಿಯಲ್ಲಿ ಸಜ್ಜೆ.

"ಇಷ್ಟು ಸಣ್ಣ ವಯಸ್ಸಿಗಿ ಎಂಥಾ ಗಟ್ಟಿ ಮನಸು!" ಎಂದು ಕಾಕಾ ನನಗೆ ಕೈ ಮುಗಿದ. ಅವನ ಬಾಯಿ ತುಂಬ ಭಜ್ಜಿ ಇತ್ತು.

ಬದುವಿನ ಮೇಲೆ ದೂರ ಹೋಗಿ ಕೂತೆ. ಅಂಬಲಿ ಹೀರುವ ಸದ್ದು ಅಷ್ಟು ದೂರಕ್ಕೂ ಬರುತ್ತಿತ್ತು. ನಾನು ಆವಾಗ ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಂದರೆ, ಸ್ನೇಹಾಳ ಮೇಲೆ, ಮುತ್ಯಾನ ಮೇಲೆ, ಒಂದು ತುಂಡು ರೊಟ್ಟಿ ಸಿಕ್ಕ ನಾಯಿಯ ಮೇಲೆ. ನಮ್ಮ ಕುರಿಗಳೆರಡು ಬಂದು ನನ್ನ ತಟ್ಟೆ ನೋಡಿ ನಿಂತವು. ಅವು ಮಾತ್ರ ಆ ಹೊಲದಲ್ಲಿ ನನ್ನ ಊಟ ಕಂಡು ಆಸೆಪಟ್ಟವು. ಒಂದು ಮೂಲಂಗಿ ಕೊಟ್ಟೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರಿತ್ತು. ಮೂಲಂಗಿ ಖಾರವಾಗಿತ್ತು ಅಂತ ಬರೆದುಕೊಳ್ಳಿ.

ಆಗ ಕಂಬಳಿ ಎಳೆಯುವ ಸದ್ದಾಯಿತು. ಆಯಿ ಎದ್ದು, ಕಂಬಳಿಯನ್ನು ಸ್ನೇಹಾಳ ಕೆಳಗಿನಿಂದ ಎಳೆದುಕೊಂಡು, ಅದನ್ನು ಹೊತ್ತು ಬದುವಿಗೆ ಬಂದಳು. ನನ್ನ ಪಕ್ಕದಲ್ಲಿ ಹಾಸಿ ಕೂತಳು. ಕೈಯಲ್ಲಿ ತಟ್ಟೆ ಇಲ್ಲ, ಬಟ್ಟಲು ಇಲ್ಲ.

"ನಿನ್ನ ಊಟ ಆಯ್ತೇನು?" ಎಂದೆ.

"ಎಲ್ಲಿ ಊಟ? ನನ್ನ ಕೂಸು ಹಿಂಗ ಒಣ ಬಾಯಿಲಿ ಕುಂತದ. ನನಗ ಅಂಬಲಿ ಇಳಿತದೇನು? ನೀ ಎಂದು ಕುಡಿತಿ, ಅಂದೇ ನಾನೂ."

"ಮುಂದಿನ ವರ್ಷನೂ ನಾ ಕುಡಿಲಿಲ್ಲಂದ್ರ?"

"ನಾನೂ ಇಲ್ಲ."

ಅಷ್ಟು ದೂರದಿಂದಲೂ ಮುತ್ಯಾನಿಗೆ ಕೇಳಿಸಿತು. "ಅಕಿ ಹುಡುಗಿ, ನೀ ಮುದುಕಿ! ಅಮಾಸಿ ದಿನ ಮನಿ ಹಿರಿಯಾಕಿ ಉಪಾಸ ಕುಂತ್ರ ಹೊಲ ಏನ್ ಅಂದೀತು? ಭಂಡಾರ ಹಚ್ಚಿ ನೇಮ ಇಳಿಸು ಅಕಿದು!"

ಇಳಿಸಬಹುದು! ಹಿರಿಯರು ಹಣೆಗೆ ಭಂಡಾರ, ಅಂದರೆ ದೇವರ ಅರಿಶಿಣ, ಹಚ್ಚಿ ಕೈಯಾರೆ ಉಣಿಸಿದರೆ ನೇಮ ಇಳಿಯುತ್ತದೆಯಂತೆ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ.

ಆಯಿ ನನ್ನ ಗಲ್ಲ ಹಿಡಿದು ಕೇಳಿದಳು, "ಇಳಿಸಲೇನು? ಇಷ್ಟು ಕಷ್ಟಪಟ್ಟು ಹಿಡಿದೀದಿ. ನಿನ್ನ ಮನಸಿಗಿ ಬ್ಯಾಸರ ಆಗಂಗಿಲ್ಲಲ್ಲ?"

ನಾನು ಆಕಾಶ ನೋಡಿದೆ. ತುಂಬ ಯೋಚಿಸುವವಳ ಹಾಗೆ ಹುಬ್ಬು ಗಂಟು ಹಾಕಿದೆ. ಒಂದು ನಿಟ್ಟುಸಿರು ಬಿಟ್ಟೆ. "ನಿನ್ನ ಸಲುವಾಗಿ, ಆಯಿ" ಅಂದೆ.

ಅವಳು ಹಣೆಗೆ ಭಂಡಾರ ಹಚ್ಚಿದಳು. ಸ್ನೇಹಾ ಬಟ್ಟಲು ತುಂಬಿ ತಂದುಕೊಟ್ಟಳು. ಆಯಿ ಬಟ್ಟಲನ್ನು ನನ್ನ ತುಟಿಗೆ ಹಿಡಿದಳು. ಹುಳಿ, ಬೆಳ್ಳುಳ್ಳಿ, ಅಜವಾನ, ತಣ್ಣಗೆ ಗಂಟಲಲ್ಲಿ ಇಳಿದ ಜೋಳ. ಆದಿಮಾನವರ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಆಮೇಲೆ ಆಯಿ ತನ್ನ ತಟ್ಟೆ ತರಿಸಿ ಮೊದಲ ತುತ್ತು ನನ್ನ ಬಾಯಿಗೆ ಇಟ್ಟಳು. ನಾನು ಎಷ್ಟು ರೊಟ್ಟಿ ತಿಂದೆ ಅಂತ ಎಣಿಸಿದವರು ಇಲ್ಲ, ಎಣಿಸುತ್ತಾ ಹೋದ ಕಾಕಾ ನಡುವೆ ಬಿಟ್ಟ.

ಸ್ನೇಹಾ ನಮ್ಮ ಎದುರಿಗೆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕುತ್ತಿಗೆ ಒತ್ತಿಕೊಳ್ಳುತ್ತಿದ್ದಳು.

"ಗಡಿಗಿ ಹೊತ್ತು ಗೋಣು ಹಿಡಿದಾಕಿ ನಾ" ಎಂದಳು ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ. "ಕಂಬಳಿ ಮ್ಯಾಲೆ ಕುಂತಾಕಿ ನೀ."

ಅವಳ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ನಮ್ಮ ಕನ್ನಡಿಯಲ್ಲಿ ಇರುವುದು ಅದೇ. ಹದಿನೇಳು ವರ್ಷದಲ್ಲಿ ಅದು ಸ್ನೇಹಾಳ ಮೇಲೆ ಕೂತದ್ದು ಇದೇ ಮೊದಲು, ಮತ್ತು, ಏನು ಹೇಳಲಿ, ಅವಳಿಗೆ ಅದೂ ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು.

ಸ್ವಲ್ಪ ಸರಿದು ಜಾಗ ಮಾಡಿಕೊಡಬಹುದಿತ್ತು. ಕಂಬಳಿ ದೊಡ್ಡದೇ ಇತ್ತು. ಆಮೇಲೆ ದೊಡ್ಡಮ್ಮ ನನ್ನನ್ನು ಕರೆದಳು, ನನಗೆ ನೀರು ಬೇಕಾಯಿತು, ನನ್ನ ಎಡಗಾಲು ಪೂರ್ತಿ ಜೋಮು ಹಿಡಿದು ಯಾರದೋ ಕಾಲಿನಂತಾಯಿತು. ಹೊತ್ತು ಇಳಿದು, ಎಲ್ಲರೂ ಪಾತ್ರೆ ಕಟ್ಟುವ ತನಕ ನಾನು ಆಯಿಯ ಪಕ್ಕದಿಂದ ಏಳಲಿಲ್ಲ. ಎದ್ದರೆ ಅಲ್ಲಿ ಸ್ನೇಹಾ ಕೂತುಬಿಡುತ್ತಿದ್ದಳು.